ನಕಲು ಅಂತ ಹಿಂದೆ ಬರೆದಿಡಿ

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ಅಳಿಯಂದಿರು ಮನೆ ತುಂಬ ನಕಲು ಜೆರ್ಸಿ, ಸಹಿ ಇರುವ ಬ್ಯಾಟು, ಪುಟ್ಟ ವಿಶ್ವಕಪ್ಪು ಎಲ್ಲ ತಂದಿಡುತ್ತಿದ್ದಾರೆ, ದುಡ್ಡು ದಂಡ ಅಲ್ವಾ, ನೋಡಿದವರು ಮೋಸ ಅಂದರೆ ಏನು ಗತಿ ಅಂತ ಕೇಳಿದ್ದೀಯ. ಅಷ್ಟೆಲ್ಲ ಹೆದರಬೇಡ. ಆಷಸ್, ಅಂದರೆ ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿ, ಗೆದ್ದ ಕ್ಯಾಪ್ಟನ್ ಎತ್ತಿ ಹಿಡಿಯುವುದೇ ನಕಲು ಕುಡಿಕೆ, ಅಸಲಿ ಇರುವುದು ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನದ ಮ್ಯೂಸಿಯಂನಲ್ಲಿ. ಫುಟ್‌ಬಾಲ್ ವಿಶ್ವಕಪ್ ಗೆದ್ದ ದೇಶ ಮನೆಗೆ ಒಯ್ಯುವುದೂ ಚಿನ್ನದ ಲೇಪದ ಕಂಚಿನ ಪ್ರತಿಯನ್ನೇ. ಮರಡೋನಾ 1986ರಲ್ಲಿ ಕೈಯಿಂದ ಗೋಲು ಹೊಡೆದಾಗ ಹಾಕಿದ್ದ ಜೆರ್ಸಿ 2022ರಲ್ಲಿ 71 ಲಕ್ಷ ಪೌಂಡಿಗೂ ಜಾಸ್ತಿಗೆ ಹೋಯಿತು. ನಮ್ಮಂಥವರಿಗೆ ನಕಲೇ ಸರಿ.

ಆದರೆ ನಕಲು ಅಂತ ಅದರ ಹಿಂದೆ ಬರೆದಿಡಿ. ನನ್ನ ಷಡ್ಡಕರ ನಡುಮನೆಯಲ್ಲಿದ್ದ ಬ್ಯಾಟು ಗೊತ್ತಲ್ಲ? ಸಹಿಯೆಲ್ಲ ಪ್ರಿಂಟು. ತಂದಾಗ ಅವರೇ ನಗುತ್ತಾ ಹೇಳಿದ್ದರು. ಆಮೇಲಾಮೇಲೆ ಬಂದವರು "ಅಬ್ಬಾ, ಒರಿಜಿನಲ್ಲಾ?" ಅಂದರೆ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ, ಸುಮ್ನೆ ಮುಗುಳ್ನಕ್ಕರು. ಷಡ್ಡಕರು ತೀರಿಹೋದ ಮೇಲೆ ಆಸ್ತಿ ಪಾಲಾಯಿತು ನೋಡು, ಅವರ ಚಿಕ್ಕ ಮಗ ದುಡ್ಡಿನ ಪಾಲು ಬಿಟ್ಟು ಬ್ಯಾಟು ತಗೊಂಡ! ಹರಾಜಿನವರು ಮಸೂರ ಹಿಡಿದು ನೋಡಿದರು. ಸಹಿಯ ತುಂಬ ಸಣ್ಣ ಸಣ್ಣ ಚುಕ್ಕಿ, ಪ್ರಿಂಟಿನ ಗುರುತು. ಅಣ್ಣ ತಮ್ಮ ಈಗಲೂ ಮಾತಾಡುವುದಿಲ್ಲ.

ದೊಡ್ಡವರಿಗೂ ಈ ಗೊಂದಲ ಬಿಟ್ಟಿಲ್ಲ. 1966ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಗುಟ್ಟಾಗಿ ವಿಶ್ವಕಪ್ಪಿನ ನಕಲು ಮಾಡಿಸಿತ್ತು. 1997ರಲ್ಲಿ ಆ ನಕಲು ಹರಾಜಿಗೆ ಬಂದಾಗ, ಇದೇ ಅಸಲಿ ಇರಬಹುದೇನೋ ಅನ್ನುವ ಗುಮಾನಿಯಲ್ಲೇ ಬೆಲೆ ಏರಿ 2,54,500 ಪೌಂಡಿಗೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಕೊಂಡಿತು. ಪರೀಕ್ಷೆ ಮಾಡಿಸಿದರೆ ನಕಲೇ! ಅದಕ್ಕೇ ಹೇಳುವುದು, ಹಿಂದೆ ಬರೆದಿಡಿ, ಅಳಿಸದ ಇಂಕಿನಲ್ಲಿ.

ಪಾಲಿನ ದಿನ ನಾನು ಬಾಯಿಬಿಟ್ಟು ಹೇಳಿದೆ, ಇದು ಪ್ರಿಂಟು ಕಣ್ರೋ ಅಂತ. ಹೊಟ್ಟೆಕಿಚ್ಚು ಅಂದರು. ನನಗಾ, ಹೊಟ್ಟೆಕಿಚ್ಚಾ? ಅವರಿಗೆ ನನ್ನ ಮಾತು ಬೇಡ, ಪಾಲಿನ ಪತ್ರಕ್ಕೆ ಸಾಕ್ಷಿಯಾಗಿ ನನ್ನ ಸಹಿ ಮಾತ್ರ ಬೇಕಿತ್ತು. ಆ ಮನೇಲಿ ಅಸಲಿ ಸಹಿ ಅಂದರೆ ಅದೊಂದೇ. ಮೊನ್ನೆ ಅವರ ಮನೆ ಮಗಳ ಮದುವೆಗೂ ನಮಗೆ ಕಾಗದ ಬರಲಿಲ್ಲ, ನಿಮ್ಮ ದೊಡ್ಡಮ್ಮ ಇನ್ನೂ ಗೊಣಗುತ್ತಿದ್ದಾಳೆ. ಆ ಚಿಕ್ಕವನು ಈ ಮೆಸೇಜು ಗುಂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ.

ಹಾಂ, ನೀನು ಕೇಳಿದ್ದು ಬೇರೆ. ನಕಲು ಅಂತ ಹೇಳಿ ನಕಲಿನ ಬೆಲೆಗೆ ಮಾರಿದರೆ ಮೋಸವಿಲ್ಲ. ಅಸಲಿ ಸಹಿ ಅಂತ ಹೇಳಿ ಅಗ್ಗಕ್ಕೆ ಕೊಟ್ಟರೆ ಮಾತ್ರ ಅನುಮಾನಪಡಿ. ಜೊತೆಗೆ ಕೊಡುವ ಸರ್ಟಿಫಿಕೇಟನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಅದನ್ನೇ ನಂಬಬೇಡಿ. ಜೆರ್ಸಿ ಮೇಲೆ ಅಥೆಂಟಿಕ್ ಅಂತಿದ್ದರೆ ಆಟಗಾರ ತೊಟ್ಟಿದ್ದು ಅಂತಲ್ಲ, ಆಟಗಾರರ ಜೆರ್ಸಿಯ ಥರದ ಬಟ್ಟೆ, ಹೊಲಿಗೆ ಅಂತ ಅಷ್ಟೇ. ಅದಕ್ಕೆ ಜಾಸ್ತಿ ದುಡ್ಡು ಸುರಿಯುವುದು ಬೇಡ. ಬಿಸಿಲು ಬೀಳುವ ಗೋಡೆಗೆ ಹಾಕಿದರೆ ಬಣ್ಣ ಹೋಗುತ್ತದೆ. ಬಿಲ್ಲುಗಳನ್ನೆಲ್ಲ ಒಂದು ಕವರಿನಲ್ಲಿಟ್ಟು, ಎಲ್ಲಿಟ್ಟಿದ್ದೀರಿ ಅಂತ ಮಕ್ಕಳಿಗೂ ಹೇಳಿ.