ಫ್ರೆಂಚ್ ಸೇನೆಯ ಭುಜಪಟ್ಟಿ: ಹುದ್ದೆ ಗುರುತಿಸುವುದು ಹೇಗೆ?

ಕೇಳಿದ್ದು: ನನ್ನ ಹೆಂಡತಿಯ ತವರು ಪುದುಚೇರಿ. ಅವಳ ತಾತ ಫ್ರೆಂಚ್ ಸೇನೆಯಲ್ಲಿದ್ದರು. ಟ್ರಂಕಿನಲ್ಲಿ ಅವರ ಒಂದು ಜೊತೆ ಭುಜಪಟ್ಟಿ ಸಿಕ್ಕಿದೆ: ಕಡುನೀಲಿ ಬಟ್ಟೆ, ಲಂಗರಿನ ಚಿತ್ರ, ಒಂದೇ ಬೆಳ್ಳಿ ಪಟ್ಟಿ, ಅದರ ನಡುವೆ ಕೆಂಪು ಎಳೆ. ಜೊತೆಗೆ ತಾತನ ಅಪ್ಪನ 1917ರ ಫೋಟೊ ಇದೆ. ಅವರ ಎಡ ಮೇಲ್ತೋಳಿನಲ್ಲಿ ಎರಡು ಕೋನಾಕಾರದ ಗೆರೆಗಳಿವೆ. ಇಬ್ಬರ ಹುದ್ದೆ ಏನಿರಬಹುದು? ತಿಳಿದವರು ಹೇಳಿ.

ಮೈಸೂರಿನಿಂದ, ಹಳೆಯ ಸೇನಾ ಸಾಮಗ್ರಿ ಸಂಗ್ರಹಿಸುವವರು:
ಸರ್, ಲಂಗರು ಕಂಡ ಕೂಡಲೇ ನೌಕಾಪಡೆ ಅಂದುಕೊಳ್ಳಬೇಡಿ. ಫ್ರಾನ್ಸಿನ ವಸಾಹತು ಭೂಸೇನೆಯ ಗುರುತೂ ಲಂಗರೇ. ಪುದುಚೇರಿಯ ಮನೆಯಲ್ಲಿ ಸಿಕ್ಕಿದೆ ಅಂದಮೇಲೆ ಅದೇ ಆಗಿರುವ ಸಾಧ್ಯತೆ ಹೆಚ್ಚು.

ಇನ್ನು ಪಟ್ಟಿ. ಫ್ರೆಂಚರಲ್ಲಿ ಎಣಿಸುವ ಮೊದಲು ಬಣ್ಣ ನೋಡಬೇಕು. ಪದಾತಿದಳ, ವಸಾಹತು ಪಡೆಗಳದ್ದು ಚಿನ್ನದ ಬಣ್ಣ. ಅಶ್ವದಳದ್ದು, ಆಲ್ಪ್ಸ್ ಬೆಟ್ಟದ ಶಾಸರ್‌ಗಳದ್ದು (ಬೆಟ್ಟದ ಕಾಳಗದ ಪಡೆಯವರದ್ದು) ಬೆಳ್ಳಿ. ಕೆಂಪು ಎಳೆಯಿರುವ ಒಂಟಿ ಪಟ್ಟಿ ಅಡ್ಜುಡಾಂಟ್ ದರ್ಜೆಯದು, ಅಂದರೆ ಅಧಿಕಾರಿಗಳಿಗಿಂತ ಕೆಳಗಿನ ಹಿರಿಯ ಹುದ್ದೆ. ಅದರಲ್ಲಿ ಅಡ್ಜುಡಾಂಟ್ ತನ್ನ ದಳದ ಬಣ್ಣಕ್ಕೆ ವಿರುದ್ಧವಾದದ್ದನ್ನು ಹಾಕುತ್ತಾನೆ, ಅವನಿಗಿಂತ ಒಂದು ಮೆಟ್ಟಿಲು ಮೇಲಿನ ಅಡ್ಜುಡಾಂಟ್-ಶೆಫ್ ದಳದ ಬಣ್ಣವನ್ನೇ ಹಾಕುತ್ತಾನೆ. ನಿಮ್ಮದು ಚಿನ್ನದ ದಳದಲ್ಲಿ ಬೆಳ್ಳಿ ಪಟ್ಟಿ, ಹಾಗಾಗಿ ತಾತ ಅಡ್ಜುಡಾಂಟ್. ಇದೇ ಪಟ್ಟಿ ಅಶ್ವದಳದವನ ಭುಜದಲ್ಲಿದ್ದರೆ ಅವನು ಅಡ್ಜುಡಾಂಟ್-ಶೆಫ್! ಕೆಂಪು ಎಳೆ ಇಲ್ಲದ ಒಂಟಿ ಪಟ್ಟಿಯಾದರೆ ಸೂ-ಲೆಫ್ಟಿನೆಂಟ್, ಅಂದರೆ ಅಧಿಕಾರಿ. ಎಳೆ ಮಾಸಿರುತ್ತದೆ, ಭೂತಗನ್ನಡಿ ಹಿಡಿದೇ ನೋಡಿ.

ಎರಡು ಪಟ್ಟಿ ಲೆಫ್ಟಿನೆಂಟ್, ಮೂರು ಕ್ಯಾಪ್ಟನ್, ನಾಲ್ಕು ಕಮಾಂಡಾಂಟ್ (ನಮ್ಮ ಮೇಜರ್‌ಗೆ ಸಮ). ಐದಿದ್ದರೆ ಮತ್ತೆ ಬಣ್ಣವೇ ಗತಿ: ಐದೂ ಒಂದೇ ಬಣ್ಣವಾದರೆ ಕರ್ನಲ್, ಚಿನ್ನ-ಬೆಳ್ಳಿ ಬೆರೆತಿದ್ದರೆ ಲೆಫ್ಟಿನೆಂಟ್ ಕರ್ನಲ್.

ಮಡಿಕೇರಿಯ ನಿವೃತ್ತ ಸೈನಿಕರು:
ನಕ್ಷತ್ರದ ಬಗ್ಗೆಯೂ ಒಂದು ಮಾತು. ನಮ್ಮ ಸೇನೆಯಲ್ಲಿ ಎರಡು ನಕ್ಷತ್ರವೆಂದರೆ ಲೆಫ್ಟಿನೆಂಟ್. ಅವರಲ್ಲಿ ನಕ್ಷತ್ರ ಶುರುವಾಗುವುದೇ ಜನರಲ್‌ಗಳಿಂದ, ಅದೂ ಎರಡರಿಂದ. ಒಂದು ನಕ್ಷತ್ರದವರೇ ಇಲ್ಲ. ಮುಂದೆ ಫ್ರಾನ್ಸಿನ ಅಧ್ಯಕ್ಷರಾದ ಜನರಲ್ ದ ಗಾಲ್ ಕೊನೆವರೆಗೂ ಎರಡೇ ನಕ್ಷತ್ರ ಧರಿಸಿದರು. ಮಾರ್ಷಲ್‌ಗೆ ಏಳು.

ಬೆಂಗಳೂರಿನಿಂದ, ಕುಟುಂಬದ ಇತಿಹಾಸ ಹುಡುಕುವವರು:
ಫೋಟೊದಲ್ಲಿರುವುದು ಹುದ್ದೆಯ ಗುರುತಲ್ಲ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಫ್ರೆಂಚರು ರಣರಂಗದ ಸೇವೆಗೆ ಎಡ ಮೇಲ್ತೋಳಿನ ಗೆರೆ ಕೊಡಲು ಶುರುಮಾಡಿದರು: ಮೊದಲನೆಯದು ಒಂದು ವರ್ಷಕ್ಕೆ, ಆಮೇಲೆ ಆರಾರು ತಿಂಗಳಿಗೆ ಒಂದೊಂದು. ಎರಡು ಗೆರೆ ಅಂದರೆ ಆ ಹಿರಿಯರು ಕನಿಷ್ಠ ಒಂದೂವರೆ ವರ್ಷ ಯುದ್ಧಭೂಮಿಯಲ್ಲಿದ್ದವರು. ಅದೇ ಗೆರೆ ಬಲತೋಳಿನಲ್ಲಿದ್ದರೆ ಗಾಯದ ಲೆಕ್ಕ. ಹುದ್ದೆಗೆ ಮುಂಗೈಯ ಅಂಚು ನೋಡಿ, ಆ ಯುದ್ಧದಲ್ಲಿ ಅದು ಇರುತ್ತಿದ್ದುದು ಅಲ್ಲೇ. ಕಾಲರ್ ಮೇಲೆ ರೆಜಿಮೆಂಟಿನ ಸಂಖ್ಯೆ ಓದಲು ಸಿಕ್ಕರಂತೂ ಅರ್ಧ ಕೆಲಸ ಮುಗಿದ ಹಾಗೆ. ಕಪ್ಪು-ಬಿಳುಪಿನಲ್ಲಿ ಚಿನ್ನ ಯಾವುದು, ಬೆಳ್ಳಿ ಯಾವುದು ಎಂದು ಊಹಿಸಲು ಹೋಗಬೇಡಿ. ಆ ಕಾಲದ ಫಿಲ್ಮಿನಲ್ಲಿ ಕೆಂಪು ಬಣ್ಣ ಕಪ್ಪಾಗಿಯೇ ಬರುತ್ತಿತ್ತು.

ಆ ಯುದ್ಧದಲ್ಲಿ ಮಡಿದವರ ಹೆಸರುಗಳು ಫ್ರೆಂಚ್ ರಕ್ಷಣಾ ಇಲಾಖೆಯ 'ಮೆಮ್ವಾರ್ ದೆಸ್ ಓಮ್' ಜಾಲತಾಣದಲ್ಲಿವೆ, ಹುಡುಕಲು ದುಡ್ಡು ಕೊಡಬೇಕಿಲ್ಲ. ಮರಳಿ ಬಂದವರಾದರೆ ವಸಾಹತುಗಳ ದಾಖಲೆ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಊರಿನ ಪತ್ರಾಗಾರದಲ್ಲಿದೆ. ಬರೆಯುವಾಗ ಹೆಸರಿನ ಫ್ರೆಂಚ್ ಕಾಗುಣಿತ, ಹುಟ್ಟಿದ ವರ್ಷ, ಊರು ಮೂರನ್ನೂ ಕೊಡಿ. ತಮಿಳು ಹೆಸರುಗಳನ್ನು ಅವರು ಹೇಗೆ ಬರೆದುಕೊಂಡಿದ್ದಾರೋ ಹಾಗೆಯೇ ಹುಡುಕಬೇಕು; ಮನೆಯಲ್ಲಿ ಹಳೆಯ ಪಿಂಚಣಿ ಪತ್ರ ಇದ್ದರೆ ಅದರಲ್ಲಿ ಸಿಗುತ್ತದೆ.