ಹೊಸಬರಿಗೆ ಸ್ಕೂಬಾ ಕಲಿಸಲು ಯಾವ ಸಲಕರಣೆ? ಕಲಿಸಿ ಅನುಭವ ಇರುವವರು ಹೇಳಿ

ಕೇಳಿದವರು

ಇನ್‌ಸ್ಟ್ರಕ್ಟರ್ ಪರೀಕ್ಷೆ ಮುಗಿಯಿತು. ಇನ್ನು ನೀರೊಳಗೆ ಒಮ್ಮೆಯೂ ಉಸಿರಾಡದವರಿಗೆ ಪಾಠ ಹೇಳಬೇಕು. ನನ್ನ ಹತ್ತಿರ ಇರುವುದು ಸ್ಟೀಲ್ ಬ್ಯಾಕ್‌ಪ್ಲೇಟ್ (ಬೆನ್ನಿಗೆ ಕಟ್ಟುವ ಲೋಹದ ಹಲಗೆ), ವಿಂಗ್ (ಅದರ ಹಿಂದೆ, ತೇಲಲು ಗಾಳಿ ತುಂಬುವ ಚೀಲ), ರೆಗ್ಯುಲೇಟರ್‌ಗೆ (ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಎರಡು ಮೀಟರ್ ಉದ್ದದ ಹೋಸ್, ಕುತ್ತಿಗೆಗೆ ಎಲಾಸ್ಟಿಕ್‌ನಲ್ಲಿ ನೇತುಹಾಕಿದ ಎರಡನೇ ರೆಗ್ಯುಲೇಟರ್. ವಿದ್ಯಾರ್ಥಿಗಳಿಗೆ ಸಿಗುವುದು ಮಾಮೂಲಿ ಜಾಕೆಟ್ ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಅಂಗಿ), ಹಳದಿ ಆಕ್ಟೋಪಸ್ (ಗಾಳಿ ಮುಗಿದವರಿಗೆ ಕೊಡುವ ಬದಲಿ ರೆಗ್ಯುಲೇಟರ್). ನನ್ನದರಲ್ಲೇ ಕಲಿಸಲೇ, ಅವರ ಥರದ್ದೇ ಇನ್ನೊಂದು ಸೆಟ್ ಮಾಡಿಕೊಳ್ಳಲೇ? ಮಾಸ್ಕ್, ಫಿನ್ (ಕಾಲಿಗೆ ತೊಡುವ ರೆಕ್ಕೆ), ಡೈವ್ ಕಂಪ್ಯೂಟರ್ (ಆಳ, ಸಮಯ ಲೆಕ್ಕ ಹಾಕುವ ಸಾಧನ) ಬಗ್ಗೆಯೂ ಹೇಳಿ. ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಆಗುವುದಿಲ್ಲ, ಯಾವುದು ಮೊದಲು ಎಂದು ತಿಳಿದರೆ ಸಾಕು.

ಹೆಚ್ಚಾಗಿ ಈಜುಕೊಳದಲ್ಲಿ ಕಲಿಸುವವರು

ಜಾಕೆಟ್ ಕೊಳ್ಳಿ. ಸಾಧ್ಯವಾದರೆ ವಿದ್ಯಾರ್ಥಿಗಳು ಹಾಕಿಕೊಳ್ಳುವ ಅದೇ ಮಾದರಿ.

ನೀರೊಳಗೆ ಮಾತಿಲ್ಲ. ನೀವು ಮಾಡಿದ್ದನ್ನು ಅವರು ನೋಡುತ್ತಾರೆ, ಹಾಗೇ ಮಾಡುತ್ತಾರೆ. ನಿಮ್ಮ ಕೈ ಎಡ ಭುಜದ ಇನ್‌ಫ್ಲೇಟರ್‌ಗೆ (ಬಿಸಿಡಿಗೆ ಗಾಳಿ ತುಂಬುವ, ಬಿಡುವ ಕೊಳವೆ) ಹೋದರೆ ಅವರ ಕೈಯೂ ಅಲ್ಲಿಗೇ ಹೋಗುತ್ತದೆ. ನಿಮ್ಮ ಗೇಜ್ ಎಡ ಸೊಂಟದ ಡಿ-ರಿಂಗ್‌ನಲ್ಲಿ, ಅವರದ್ದು ಜಾಕೆಟ್ ಜೇಬಿನ ಪಕ್ಕದಲ್ಲಿ ಇದ್ದರೆ, ‘ಗಾಳಿ ಎಷ್ಟಿದೆ ನೋಡು’ ಎಂಬ ಸನ್ನೆಗೆ ಅರ್ಧ ಜನ ತಡಕಾಡುತ್ತಾರೆ. ತಡಕಾಟ ಅಂದರೆ ಗಮನ ಉಸಿರಿನಿಂದ ಆಚೆ ಹೋಯಿತು ಅಂತ. ಹೊಸಬರಲ್ಲಿ ಗಾಬರಿ ಶುರುವಾಗುವುದೇ ಅಂಥ ಕಡೆ.

ಇನ್ನೊಂದು, ನೀರಿನಲ್ಲಿ ಬಿಸಿಡಿ ಬಿಚ್ಚಿ ಮತ್ತೆ ಹಾಕಿಕೊಳ್ಳುವ ಪಾಠ. ಜಾಕೆಟ್‌ನಲ್ಲಿ ಭುಜದ ಬಕಲ್ ಸಡಿಲಿಸಿ, ಹೊಟ್ಟೆಯ ಪಟ್ಟಿ ಬಿಚ್ಚಿ, ಒಂದು ಕೈ ತೆಗೆದರೆ ಆಯಿತು. ನಿಮ್ಮ ಒಂದೇ ಪಟ್ಟಿಯ ಹಾರ್ನೆಸ್‌ಗೆ ಭುಜದಲ್ಲಿ ಬಕಲ್ ಇರುವುದಿಲ್ಲ, ಮೇಲಿಂದ ತೊಡೆಸಂದಿಯ ಪಟ್ಟಿ ಬೇರೆ. ನೀವು ಮೀನಿನಂತೆ ನುಲಿದು ಹೊರಬರುವುದನ್ನು ನೋಡಿ ಅವರು ಕಲಿಯುವುದಾದರೂ ಏನು? ಡೈವ್‌ಗೆ ಮುಂಚಿನ ಜೋಡಿ ತಪಾಸಣೆಯಲ್ಲೂ ಇದೇ ಕಥೆ. ‘ಇದು ನಿಮ್ಮಲ್ಲಿ ಇದೆ, ನನ್ನಲ್ಲಿ ಇಲ್ಲ’ ಎನ್ನುತ್ತಾ ಕೂರಬೇಕಾಗುತ್ತದೆ.

ಆಕ್ಟೋಪಸ್ ಹಳದಿಯದ್ದೇ ಇರಲಿ. ಗಲ್ಲದಿಂದ ಪಕ್ಕೆಲುಬಿನ ಕೆಳಗಿನ ತುದಿವರೆಗಿನ ತ್ರಿಕೋನದಲ್ಲಿ ಹುಡುಕಿ ಎಂದು ಕಲಿಸುತ್ತೇವೆ. ಅದು ನಿಮ್ಮ ಎದೆಯ ಮೇಲೂ ಅಲ್ಲೇ ಕಾಣಬೇಕು.

ವಿಂಗ್‌ನಲ್ಲೇ ಕಲಿಸುವವರು

ಮೇಲಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ಗೇಜ್, ಹಾರ್ನೆಸ್ ವಿಷಯ ಸರಿ. ಆದರೆ ಹೊಸಬರು ನಕಲು ಮಾಡುವುದು ಬಕಲ್ ಒಂದನ್ನೇ ಅಲ್ಲ, ನಿಮ್ಮ ಮೈಯ ಭಂಗಿಯನ್ನು ಸಹ. ವಿಂಗ್‌ನಲ್ಲಿ ಅಡ್ಡವಾಗಿ, ಅಲುಗಾಡದೆ ತೇಲುತ್ತಾ ಮಾಸ್ಕ್‌ನ ನೀರು ತೆಗೆದು ತೋರಿಸಿದರೆ ಅವರೂ ಹಾಗೆ ತೇಲಲು ನೋಡುತ್ತಾರೆ. ತಳದಲ್ಲಿ ಮಂಡಿಯೂರಿ ತೋರಿಸಿದರೆ, ಕೋರ್ಸ್ ಮುಗಿದ ಮೇಲೂ ಏನಾದರೂ ಎಡವಟ್ಟಾದ ಕೂಡಲೇ ಮಂಡಿಯೂರಲು ತಳ ಹುಡುಕುತ್ತಾರೆ, ಕೆಳಗೆ ಹವಳ ಇದ್ದರೂ ಸರಿ.

ಗಾಬರಿಯಾದ ವಿದ್ಯಾರ್ಥಿ ತ್ರಿಕೋನ ಹುಡುಕುತ್ತಾನೆ ಎಂಬ ನಂಬಿಕೆ ನನಗಿಲ್ಲ. ಅವನ ಕಣ್ಣಿಗೆ ಬೀಳುವುದು ಗುಳ್ಳೆ ಬರುತ್ತಿರುವ ರೆಗ್ಯುಲೇಟರ್, ಅಂದರೆ ನಿಮ್ಮ ಬಾಯಲ್ಲಿರುವುದು. ಅದನ್ನೇ ಕಿತ್ತುಕೊಂಡರೆ ಉದ್ದ ಹೋಸ್ ಇರುವವರು ‘ತಗೋ’ ಎಂದು ಬಿಟ್ಟುಕೊಟ್ಟು, ಕತ್ತಿನ ಕೆಳಗಿರುವುದನ್ನು ಬಾಯಿಗಿಟ್ಟುಕೊಳ್ಳಬಹುದು. ಮಾಮೂಲಿ ಚಿಕ್ಕ ಹೋಸ್‌ನಲ್ಲಿ ಇಬ್ಬರ ಮಾಸ್ಕ್‌ಗಳೂ ಡಿಕ್ಕಿ ಹೊಡೆಯುತ್ತವೆ.

ಹಾಗಂತ ಎರಡು ಮೀಟರ್ ಬೇಡ. ಅದನ್ನು ಕತ್ತಿನ ಸುತ್ತ ತಂದುಕೊಂಡಿರುತ್ತೀರಿ, ರೆಗ್ಯುಲೇಟರ್ ಬಿಟ್ಟು ಸ್ನಾರ್ಕೆಲ್‌ಗೆ (ನೀರಿನ ಮೇಲ್ಮೈಯಲ್ಲಿ ಉಸಿರಾಡುವ ಕೊಳವೆ) ಬದಲಿಸುವ ಪಾಠದ ದಿನ ಎರಡೂ ಸಿಕ್ಕಿಹಾಕಿಕೊಂಡು ನಗೆಪಾಟಲು. ತೋಳಿನ ಕೆಳಗೆ ಹಾದುಬರುವ ಒಂದು ಮೀಟರ್ ಆಸುಪಾಸಿನ ಹೋಸ್ ನಡುವಿನ ದಾರಿ. ನಿಮ್ಮ ಸಂಸ್ಥೆಯ ನಿಯಮ ಒಪ್ಪುತ್ತದೆಯೇ ಎಂದು ಮೊದಲು ಓದಿಕೊಳ್ಳಿ. ಒಪ್ಪಿದರೆ ಹೋಸ್ ಒಂದನ್ನು ಬದಲಿಸಿ, ಬಕಲ್ ಇರುವ ಹಾರ್ನೆಸ್ ಹಾಕಿಸಿಕೊಳ್ಳಿ. ಹೊಸ ಸೆಟ್ಟಿನ ಖರ್ಚು ಉಳಿಯುತ್ತದೆ.

ತಣ್ಣೀರಿನಲ್ಲಿ ಕಲಿಸುವವರು

ನೀವಿಬ್ಬರೂ ಬಿಸಿಡಿ ಜಗಳ ಮುಗಿಸುವಷ್ಟರಲ್ಲಿ ಕೇಳಿದವರು ಚಳಿಗೆ ನಡುಗಿರುತ್ತಾರೆ! ನನ್ನನ್ನು ಕೇಳಿದರೆ ಮೊದಲ ಖರ್ಚು ಸೂಟಿಗೆ.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಎಳೆಯುತ್ತದೆ. ವಿದ್ಯಾರ್ಥಿ ಒದ್ದಾಡಿಕೊಂಡಾದರೂ ಬೆಚ್ಚಗಿರುತ್ತಾನೆ. ನೀವು ಒಂದೇ ಕಡೆ ನಿಂತು, ಒಬ್ಬೊಬ್ಬರಾಗಿ ಮಾಡುವುದನ್ನು ಕಾಯುತ್ತೀರಿ, ದಿನಕ್ಕೆ ಎರಡು ಮೂರು ಸಲ. ಚಳಿ ಹಿಡಿದ ಇನ್‌ಸ್ಟ್ರಕ್ಟರ್ ಅವಸರ ಮಾಡುತ್ತಾನೆ, ಸರಿಯಾಗಿ ಬಾರದ್ದಕ್ಕೂ ‘ಓಕೆ’ ತೋರಿಸಿ ಮುಂದೆ ಹೋಗುತ್ತಾನೆ. ಹಾಗಾಗಿ ವಿದ್ಯಾರ್ಥಿಗಳು 3 ಮಿಲಿಮೀಟರ್ ದಪ್ಪದ ಸೂಟ್ ಹಾಕಿದ್ದರೆ ನೀವು 5, ಅವರು 5 ಹಾಕಿದ್ದರೆ ನೀವು 7, ಜೊತೆಗೆ ಹುಡ್. ಸೂಟ್ ದಪ್ಪ ಆದಷ್ಟೂ ತೇಲುವಿಕೆ ಹೆಚ್ಚು, ಆಳಕ್ಕೆ ಹೋದಂತೆ ಸೂಟಿನ ನಿಯೋಪ್ರೀನ್ ರಬ್ಬರ್ ಕುಗ್ಗಿ ಅದು ಕಡಿಮೆಯಾಗುತ್ತದೆ. ಮುಳುಗಲು ನೀವು ಕಟ್ಟಿಕೊಳ್ಳುವ ಸೀಸದ ತೂಕವನ್ನು ಹೊಸದಾಗಿ ಲೆಕ್ಕ ಹಾಕಿಕೊಳ್ಳಿ.

ಕರಿ ಸೂಟಿನ ಮುಂದೆ ಕರಿ ಗ್ಲೌಸ್ ಹಾಕಿ ಸನ್ನೆ ಮಾಡಿದರೆ ಏನೂ ಕಾಣುವುದಿಲ್ಲ. ಬೇರೆ ಬಣ್ಣದ್ದು ತಗೊಳ್ಳಿ.

ಮತ್ತೆ ಈಜುಕೊಳದವರು

ಮಾಸ್ಕ್ ಬಗ್ಗೆ ಯಾರೂ ಹೇಳಲಿಲ್ಲ. ಕನ್ನಡಿಯಂತೆ ಹೊಳೆಯುವ ಗಾಜು ಬೇಡವೇ ಬೇಡ. ಹೆದರಿದವರು ನಿಮ್ಮ ಕಣ್ಣು ಹುಡುಕುತ್ತಾರೆ, ಅಲ್ಲಿ ಅವರದೇ ಮುಖ ಕಾಣಬಾರದು. ಪಾರದರ್ಶಕ ಸಿಲಿಕೋನ್ ಅಂಚಿನದ್ದಾದರೆ ಬೆಳಕು ಒಳಬಂದು ಮುಖ ಕಾಣುತ್ತದೆ. ಒಳಗೆ ಜಾಗ ಕಡಿಮೆ ಇರುವುದು ಒಳ್ಳೆಯದು, ದಿನವಿಡೀ ನೀರು ತುಂಬಿ ತೆಗೆದು ತೋರಿಸುವವರು ನೀವು. ಇನ್ನೊಂದು ಮಾಸ್ಕ್ ಜೇಬಿನಲ್ಲಿರಲಿ.

ಫಿನ್ ಎದ್ದು ಕಾಣುವ ಬಣ್ಣದ್ದಿರಲಿ. ಮಸುಕು ನೀರಿನಲ್ಲಿ ವಿದ್ಯಾರ್ಥಿಗಳು ಹಿಂಬಾಲಿಸುವುದು ಅದನ್ನೇ.

ಇನ್ನು ತೂಕ. ಕೊಳದಲ್ಲಿ ಸರಿಹೋದ ತೂಕ ಸಮುದ್ರದಲ್ಲಿ ಸಾಲದು. ಉಪ್ಪುನೀರಿನ ಸಾಂದ್ರತೆ ಶೇ. 2.5ರಷ್ಟು ಹೆಚ್ಚು, ಅಂದರೆ ಸಲಕರಣೆ ಸೇರಿ 100 ಕೆಜಿ ಇರುವವರಿಗೆ ಎರಡೂವರೆ ಕೆಜಿ ಕೂಡಿಸಬೇಕು. ಅದು ಸಾಲದೆಂಬಂತೆ, 11 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್‌ನಲ್ಲಿ 200 ಬಾರ್ ಒತ್ತಡದ ಗಾಳಿಯದ್ದೇ ಎರಡೂವರೆ ಕೆಜಿಗೂ ಮೇಲೆ ತೂಕ ಇರುತ್ತದೆ. ಅದು ಖರ್ಚಾದಂತೆ ವಿದ್ಯಾರ್ಥಿ ಹಗುರಾಗಿ, ಮೇಲೆ ಬರುವ ಮುನ್ನ ಸುರಕ್ಷತೆಗಾಗಿ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಾದಾಗ ಮೇಲೆ ಹೋಗತೊಡಗುತ್ತಾನೆ. ಕೊಡಲಿಕ್ಕೆಂದೇ ಒಂದೊಂದು ಕೆಜಿಯ ಎರಡು ತುಂಡು, ಕ್ಲಿಪ್ ಹಾಕಿ, ಕೈಗೆ ಸಿಗುವ ಕಡೆ ಇಟ್ಟುಕೊಂಡಿರಿ. ನಿಮ್ಮ ಸ್ವಂತ ತೂಕದಿಂದ ತೆಗೆದುಕೊಟ್ಟರೆ ಮುಂದೆ ತೇಲಿ ಹೋಗುವವರು ನೀವು.

ಕೇಳಿದವರು

ಹೋಸ್ ಬದಲಿಸಿ, ಬಕಲ್ ಹಾಕಿಸಿ ನೋಡುತ್ತೇನೆ. ಕುತ್ತಿಗೆಯ ಎರಡನೇ ರೆಗ್ಯುಲೇಟರನ್ನು ತೆಗೆದು, ಇನ್‌ಫ್ಲೇಟರ್‌ನಲ್ಲೇ ಉಸಿರಾಡುವ ಥರದ್ದು ಹಾಕಿದರೆ ಒಂದು ಹೋಸ್ ಉಳಿಯುತ್ತದಲ್ಲ?

ಸಲಕರಣೆ ಸರ್ವಿಸ್ ಮಾಡುವವರು

ಉಳಿಯುತ್ತದೆ, ಪಾಠಕ್ಕೆ ಮಾತ್ರ ಬೇಡ. ನಿಮ್ಮ ರೆಗ್ಯುಲೇಟರನ್ನು ವಿದ್ಯಾರ್ಥಿಗೆ ಕೊಟ್ಟ ಮೇಲೆ ಅದನ್ನು ಬಾಯಲ್ಲಿಟ್ಟುಕೊಂಡು ಅದರಿಂದಲೇ ಬಿಸಿಡಿಯ ಗಾಳಿಯನ್ನೂ ಬಿಡುತ್ತಾ ಮೇಲೇರಬೇಕು, ಇನ್ನೊಂದು ಕೈಯಲ್ಲಿ ವಿದ್ಯಾರ್ಥಿಯನ್ನು ಹಿಡಿದಿರಬೇಕು. 10 ಮೀಟರಿನಿಂದ ಮೇಲಕ್ಕೆ ಬರುವಷ್ಟರಲ್ಲಿ ಬಿಸಿಡಿಯೊಳಗಿನ ಗಾಳಿ ಇಮ್ಮಡಿಯಾಗುತ್ತದೆ, ನಿಮ್ಮದರಲ್ಲೂ ಅವರದರಲ್ಲೂ. ಅಲ್ಲಿ ಕೈ ಖಾಲಿ ಇರಬೇಕು. ಬಿಸಿಡಿ ಆರಿಸುವಾಗಲೂ ಇದನ್ನೇ ನೋಡಿ: ಭುಜದಲ್ಲೂ ಬೆನ್ನ ಕೆಳಗೂ ಗಾಳಿ ಬಿಡುವ ವಾಲ್ವ್ ಇರಬೇಕು, ದಾರದ ಗುಂಡಿ ಗ್ಲೌಸಿನ ಕೈಗೂ ಸಿಗಬೇಕು.

ಬೆಂಚಿನ ಮೇಲೆ ನಾನು ಕಾಣುವುದು ಹೇಳುತ್ತೇನೆ. ಕೊಳದಲ್ಲಿ ಕಲಿಸುವವರ ಸಲಕರಣೆ ಸಮುದ್ರದವರದ್ದಕ್ಕಿಂತ ಬೇಗ ಹಾಳಾಗುತ್ತದೆ. ಕ್ಲೋರಿನ್ ಬಟ್ಟೆಯ ಬಣ್ಣ ತಿನ್ನುತ್ತದೆ, ಬಿಸಿಡಿಯ ಒಳಚೀಲವನ್ನು ಒರಟು ಮಾಡುತ್ತದೆ. ಸಿಹಿನೀರಲ್ಲವೇ ಎಂದು ತೊಳೆಯದೆ ಬಿಡುವವರೇ ಹೆಚ್ಚು. ಒಳಗೂ ನೀರು ಹಾಕಿ ಕುಲುಕಿ ಚೆಲ್ಲಿ. ರೆಗ್ಯುಲೇಟರ್ ಅನ್ನು ಪಾಠದಲ್ಲಿ ಪದೇ ಪದೇ ಬಾಯಿಂದ ತೆಗೆದು, ಪರ್ಜ್ ಗುಂಡಿ (ಒಳಗಿನ ನೀರನ್ನು ಗಾಳಿಯಿಂದ ಹೊರತಳ್ಳುವುದು) ಒತ್ತಿ ತೋರಿಸುತ್ತೀರಿ, ಆದ್ದರಿಂದ ವರ್ಷಕ್ಕೊಮ್ಮೆ ಎನ್ನುವ ಸರ್ವಿಸ್ ನಿಮಗೆ ಸಾಲದೆ ಹೋಗಬಹುದು. ಅತಿ ಸೂಕ್ಷ್ಮದ ದುಬಾರಿ ಮಾದರಿಗಿಂತ, ಬಿಡಿಭಾಗ ಸುಲಭವಾಗಿ ಸಿಗುವ, ಬ್ಯಾಲೆನ್ಸ್ಡ್ (ಟ್ಯಾಂಕಿನ ಒತ್ತಡ ಇಳಿದರೂ ಗಾಳಿ ಒಂದೇ ಸಮ ಕೊಡುವ) ಮೊದಲ ಹಂತದ, ಅಂದರೆ ಟ್ಯಾಂಕಿಗೆ ಕೂರುವ ಭಾಗದ, ಗಟ್ಟಿ ರೆಗ್ಯುಲೇಟರ್ ಸಾಕು. ಡಿನ್ ಜೋಡಣೆಯದ್ದು (ಟ್ಯಾಂಕಿನ ವಾಲ್ವಿನೊಳಗೆ ತಿರುಪಿ ಕೂರಿಸುವುದು) ಕೊಂಡು ಯೋಕ್ (ವಾಲ್ವನ್ನು ಹೊರಗಿಂದ ಬಿಗಿದು ಹಿಡಿಯುವುದು) ಅಡಾಪ್ಟರ್ ಇಟ್ಟುಕೊಂಡರೆ ಎರಡೂ ಬಗೆಯ ಟ್ಯಾಂಕಿಗೆ ಆಗುತ್ತದೆ. ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ), ಬಾಯಿತುಂಡು, ಜಿಪ್ ಟೈ, ಮಾಸ್ಕ್ ಮತ್ತು ಫಿನ್ ಪಟ್ಟಿ, ಇಷ್ಟು ಒಂದು ಡಬ್ಬಿಯಲ್ಲಿರಲಿ. ಪಾಠ ರದ್ದಾಗುವುದು ಹೆಚ್ಚಾಗಿ ಇಂಥ ಚಿಲ್ಲರೆ ಸಾಮಾನಿನಿಂದ.

ವಿಂಗ್‌ನಲ್ಲೇ ಕಲಿಸುವವರು

ಕಂಪ್ಯೂಟರ್ ಬಾಕಿ ಉಳಿಯಿತು. ನಿಮ್ಮ ಈಗಿನದೇ ಸಾಕು, ಸೆಟ್ಟಿಂಗ್ ಮಾತ್ರ ಒಂದು ಹಂತ ಎಚ್ಚರಿಕೆಯ ಕಡೆಗೆ ಇಡಿ. ಗಾಳಿ ಮುಗಿದಾಗ ಉಸಿರು ಬಿಡುತ್ತಾ ಈಜಿ ಮೇಲೇರುವ ಅಭ್ಯಾಸವನ್ನು 6ರಿಂದ 9 ಮೀಟರಿನಿಂದ ಮಾಡಿಸುತ್ತೇವಲ್ಲ, ವಿದ್ಯಾರ್ಥಿ ಒಮ್ಮೆ ಏರುತ್ತಾನೆ, ನಾಲ್ವರಿದ್ದರೆ ನೀವು ನಾಲ್ಕು ಸಲ. ಕಿವಿಗೂ ಮೈಗೂ ಅದು ಕೆಟ್ಟದ್ದು. ಆಳ ಕಡಿಮೆ ಎಂದು ಕಂಪ್ಯೂಟರ್ ಸುಮ್ಮನಿದ್ದರೂ ಆ ಅಭ್ಯಾಸದ ಮೇಲೆ ಅದೇ ದಿನ ಆಳದ ಡೈವ್ ಇಟ್ಟುಕೊಳ್ಳಬೇಡಿ. ಟ್ಯಾಂಕಿನ ಒತ್ತಡವನ್ನು ಕಂಪ್ಯೂಟರ್‌ಗೆ ಕಳಿಸುವ ಟ್ರಾನ್ಸ್‌ಮಿಟರ್ ಇದ್ದರೂ ಮುಳ್ಳಿನ ಗೇಜ್ ತೆಗೆಯಬೇಡಿ. ವಿದ್ಯಾರ್ಥಿಗಳ ಕೈಯಲ್ಲಿರುವುದು ಮುಳ್ಳಿನದ್ದು, 50 ಬಾರ್‌ನ ಕೆಂಪು ಗೆರೆಯನ್ನು ಬೆರಳಿಟ್ಟು ತೋರಿಸಲು ನಿಮಗೂ ಅದೇ ಬೇಕು.