ಸ್ಕ್ವಾಡ್ರನ್ ಇತಿಹಾಸದ ಪುಸ್ತಕ: ಮುದ್ರಣದ ಖರ್ಚನ್ನು ಹೊಂದಿಸುವುದು ಹೇಗೆ?

ಪ್ರಶ್ನೆ:
ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗದ ಮೇಲೆ ಹರಿಕೇನ್ ಯುದ್ಧವಿಮಾನಗಳನ್ನು ಹಾರಿಸಿದ ವಾಯುಪಡೆಯ ಒಂದು ಸ್ಕ್ವಾಡ್ರನ್ನಿನ (ತುಕಡಿಯ) ಇತಿಹಾಸವನ್ನು ಆರು ವರ್ಷ ದುಡಿದು ಬರೆದು ಮುಗಿಸಿದ್ದೇನೆ. 300 ಪುಟಗಳಿವೆ, 120 ಛಾಯಾಚಿತ್ರಗಳಿವೆ. ಓದುಗರು ಕೆಲವೇ ನೂರು ಮಂದಿ ಎಂದು ಪ್ರಕಾಶಕರು ಹಿಂಜರಿಯುತ್ತಿದ್ದಾರೆ. ಚಿತ್ರಗಳನ್ನು ಕೈಬಿಡದೆ ನಾನೇ ಪ್ರಕಟಿಸುವ ದಾರಿಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಮಾನ್ಯರೆ, ಮೊದಲು ಪುಟಸಂಖ್ಯೆಯನ್ನು ನಿಗದಿ ಮಾಡಿಕೊಳ್ಳಿ. ಆಫ್‌ಸೆಟ್ ಮುದ್ರಣದಲ್ಲಿ ಪುಟಗಳು ಸಾಮಾನ್ಯವಾಗಿ 16ರ ಫಾರಂಗಳಲ್ಲಿ (ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪಿನಲ್ಲಿ) ಅಚ್ಚಾಗುವುದರಿಂದ 300 ಪುಟಕ್ಕೂ 304 ಪುಟಕ್ಕೂ ಖರ್ಚು ಹೆಚ್ಚುಕಡಿಮೆ ಒಂದೇ. ಉಳಿಯುವ ನಾಲ್ಕು ಪುಟಗಳನ್ನು ನಕಾಶೆಗಳಿಗೆ ಕೊಡಿ. ಬಣ್ಣದ ಚಿತ್ರಗಳನ್ನೆಲ್ಲ ಆರ್ಟ್ ಪೇಪರಿನ ಒಂದೇ ಫಾರಂಗೆ ಸೇರಿಸಿದರೆ ಉಳಿದ ಪುಸ್ತಕವನ್ನು ಕಪ್ಪು ಶಾಯಿಯೊಂದರಲ್ಲೇ ಮುದ್ರಿಸಬಹುದು. ಇಷ್ಟು ಕಡಿಮೆ ಪ್ರತಿಗಳಿಗೆ ಡಿಜಿಟಲ್ ಮುದ್ರಣದ ದರವನ್ನೂ ಕೇಳಿ ನೋಡಿ.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಚಿತ್ರಗಳ ಹಕ್ಕಿನ ಶುಲ್ಕವನ್ನು ಮರೆಯಬೇಡಿ. ಚಿತ್ರದ ಅಳತೆ, ಪ್ರತಿಗಳ ಸಂಖ್ಯೆ, ಮುಖಪುಟದ ಬಳಕೆ ಇವೆಲ್ಲವೂ ಅದನ್ನು ಏರಿಸುತ್ತವೆ. ಪೈಲಟ್‌ಗಳ ಕುಟುಂಬದವರು ತಮ್ಮ ಆಲ್ಬಮ್ಮುಗಳನ್ನು ಬಹಳ ಸಲ ಪ್ರೀತಿಯಿಂದ ಕೊಡುತ್ತಾರೆ. ಆದರೂ ಅನುಮತಿ ಲಿಖಿತವಾಗಿರಲಿ. ಇನ್ನೊಂದು ಮಾತು: ರಾತ್ರಿ ಹಾರಾಟವನ್ನು ಕೆಂಪು ಶಾಯಿಯಲ್ಲಿ ದಾಖಲಿಸಿದ ಲಾಗ್‌ಬುಕ್ (ಪೈಲಟ್ ತನ್ನ ಹಾರಾಟಗಳನ್ನು ಬರೆದಿಡುವ ಪುಸ್ತಕ) ಪುಟವಿದ್ದರೆ ಅದಕ್ಕೆ ಬಣ್ಣದ ಫಾರಂನಲ್ಲೇ ಜಾಗ ಕೊಡಿ, ಏಕೆಂದರೆ ಕಪ್ಪು-ಬಿಳುಪಿನಲ್ಲಿ ಹಗಲು-ರಾತ್ರಿ ಹಾರಾಟಗಳ ಶಾಯಿಯ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅಂಥ ಎರಡು ಪುಟಗಳು ನನ್ನ ಬಳಿ ಇವೆ. ಪ್ರಕಟಣಪೂರ್ವ ರಿಯಾಯಿತಿ ಘೋಷಿಸಿ, ಮುಂಗಡ ಕೊಟ್ಟವರ ಸಂಖ್ಯೆಯನ್ನು ನೋಡಿದ ಮೇಲೆಯೇ ಪ್ರತಿಗಳನ್ನು ನಿರ್ಧರಿಸುತ್ತೇನೆ.